ಗಾಳದ ರೀಲಿಗೆ ಅರವತ್ತು ವರ್ಷ, ನಿಮ್ಮ ಫೋನಿಗೆ ಎಷ್ಟು?

ನೀವು ಕೊನೆಯ ಸಲ ಒಂದು ವಸ್ತುವನ್ನ ರಿಪೇರಿ ಮಾಡಿಸಿದ್ದು ಯಾವಾಗ? ರಿಪೇರಿ ಅಂದ್ರೆ, ಬಿಚ್ಚಿ ನೋಡಿ, ಕೆಟ್ಟ ಭಾಗ ಯಾವುದು ಅಂತ ಹುಡುಕಿ, ಅದೊಂದನ್ನೇ ಸರಿಮಾಡಿ, ಮತ್ತೆ ಜೋಡಿಸಿ ಕೈಗೆ ಕೊಟ್ಟಿದ್ದು. "ಬೋರ್ಡೇ ಹೋಗಿದೆ ಸರ್, ಹೊಸದು ಹಾಕ್ಬೇಕು" ಅಂತ ಹೇಳಿ ಬದಲಿಸಿದ್ದು ಲೆಕ್ಕಕ್ಕಿಲ್ಲ. ಸ್ವಲ್ಪ ಯೋಚನೆ ಮಾಡಿ. ನನಗೂ ತಕ್ಷಣ ನೆನಪಾಗಲಿಲ್ಲ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಸ್ಟುಡಿಯೋದಲ್ಲಿ ಅಲ್ಲ. ಗಜೇಂದ್ರಗಡದಲ್ಲಿ, ಹೊಲಿಗೆ ಯಂತ್ರ ರಿಪೇರಿ ಮಾಡೋ ಒಂದು ಸಣ್ಣ ಅಂಗಡಿಯಲ್ಲಿ. ಆವತ್ತು ಅಲ್ಲಿ ಮೇಜಿನ ಮೇಲೆ ಇದ್ದದ್ದು ಹೊಲಿಗೆ ಯಂತ್ರ ಅಲ್ಲ. ಮೀನು ಹಿಡಿಯೋ ಗಾಳದ ಒಂದು ಹಳೇ ರೀಲ್. ಫ್ರಾನ್ಸ್ ದೇಶದ್ದು.

ಗಜೇಂದ್ರಗಡ ಎಲ್ಲಿ, ಫ್ರಾನ್ಸ್ ಎಲ್ಲಿ, ಮೀನೆಲ್ಲಿ ಅಂತೀರಾ? ರೋಣ, ನರಗುಂದ, ಗಜೇಂದ್ರಗಡ ಅಂದ ಕೂಡಲೇ ಜನರ ಕಣ್ಣಿಗೆ ಬರೋದು ಎರೆಹೊಲ, ಹತ್ತಿ, ಕಡಲೆ, ಮಳೆಗಾಗಿ ಮುಗಿಲು ನೋಡೋ ರೈತ. ಆದ್ರೆ ಈ ಸೀಮೆಗೂ ಒಂದು ಹೊಳೆ ಇದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ದಾಟಿ, ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನ ಸೇರೋ ಮಲಪ್ರಭೆ.

ಹೊಳೆಆಲೂರು ಸಮೀಪದ ಒಂದು ಹಳ್ಳಿಯಲ್ಲಿ ನನ್ನ ಬಾಲ್ಯದ ದೋಸ್ತ್ ಇದ್ದಾನೆ. ಅಂಬಿಗರ ಮನೆಯವನು. ಅವನ ತಂದೆಯನ್ನ ನಾನು ಕಾಕಾ ಅಂತಲೇ ಕರೀತೀನಿ. ಕಾಕಾ ಅರವತ್ತರ ದಶಕದಲ್ಲಿ ಮುಂಬೈ ಬಂದರಿನಲ್ಲಿ ಕೂಲಿ ಮಾಡಿದವರು. ಅಲ್ಲೊಬ್ಬ ಹಡಗಿನವನಿಂದ ಕೈಬದಲಾಗಿ ಬಂದದ್ದು ಈ ರೀಲ್. ಊರಿಗೆ ವಾಪಸ್ ಬಂದು, ಬಲೆ ಬೀಸೋ ಮನೆತನದಲ್ಲಿ ಹುಟ್ಟಿದ ಮನುಷ್ಯ, ಸಂಜೆ ಹೊತ್ತು ಇದರಿಂದ ದಾರ ಎಸೆದು ಬಾಳೆ ಮೀನು ಹಿಡೀತಿದ್ರು. ನಾವು ಹುಡುಗರು ದಂಡೆ ಮೇಲೆ ಕೂತು ಅದರ ಟಿಕ್ ಟಿಕ್ ಸಪ್ಪಳ ಕೇಳ್ತಿದ್ದೆವು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಉತ್ತರ ಕರ್ನಾಟಕದ ಜನ ಆ ದಿನಗಳನ್ನ ಮರೆಯೋದಿಲ್ಲ. ಮಲಪ್ರಭೆ, ಬೆಣ್ಣಿಹಳ್ಳ ಒಟ್ಟಿಗೆ ಉಕ್ಕಿದವು. ಕಾಕಾನ ಮನೆಯೊಳಗೆ ಎದೆಮಟ್ಟ ನೀರು. ಟ್ರಂಕು ಕೆಸರಲ್ಲಿ ಹೂತುಹೋಯ್ತು. ನೀರಿಳಿದ ಮೇಲೆ ರೀಲ್ ಸಿಕ್ಕಿತು, ಆದ್ರೆ ಹಿಡಿಕೆ ತಿರುಗಲಿಲ್ಲ. ಕಾಕಾ ಅದನ್ನ ಒಂದು ಹಳೇ ಲುಂಗಿಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿ ಇಟ್ಟುಬಿಟ್ರು. ಬಿಸಾಡಲಿಲ್ಲ. ರಿಪೇರಿನೂ ಮಾಡಿಸಲಿಲ್ಲ.

ಈಗ ಅವರಿಗೆ ಎಂಬತ್ತು ದಾಟಿದೆ. ಕಳೆದ ಸಲ ಹೋದಾಗ ಅದನ್ನ ನನ್ನ ಕೈಗೆ ಕೊಟ್ಟು ಒಂದೇ ಮಾತು ಹೇಳಿದ್ರು: "ತಮ್ಮಾ, ನೀ ಬೆಂಗಳೂರಾಗ ಇರ್ತಿ. ಇದನ್ನೊಮ್ಮಿ ತಿರಗೂವಂಗ ಮಾಡಿಸಿಕೊಂಡ ಬಾ. ನಾ ಸಪ್ಪಳ ಕೇಳಬೇಕು."

ಬೆಂಗಳೂರಿನ ಅಂಗಡಿಯವರು ನೋಡಿ ನಕ್ಕರು. "ಷೋಕೇಸಲ್ಲಿ ಇಡಿ ಸರ್, ಆಂಟಿಕ್ ಪೀಸು. ಹೊಸದು ತಗೊಳ್ಳಿ" ಅಂದ್ರು. ಕೊನೆಗೆ ನನ್ನ ದೋಸ್ತನೇ ಹೇಳಿದ: "ಗಜೇಂದ್ರಗಡದಾಗ ಒಬ್ಬ ಮಿಸ್ತ್ರಿ ಅದಾನ. ಹೊಲಿಗಿ ಮಷಿನ್ ಮಾಡ್ತಾನ. ಅವಗ ತೋರಸು."

ಮಿಸ್ತ್ರಿಯ ಮನೆ ನೇಕಾರರದ್ದು. ಗಜೇಂದ್ರಗಡ ಅಂದ್ರೆ ಪಟ್ಟೇದಂಚು ಸೀರೆ ನೇಯೋ ಊರು, ನಿಮಗೆ ಗೊತ್ತಿರಬಹುದು. ಅಂಗಡಿಯ ಹಿಂಭಾಗದಲ್ಲಿ ಅವನ ತಾಯಿ ಕಂಡಿಕೆ ಸುತ್ತುತ್ತಾ ಕೂತಿದ್ರು. ಮಗ ರೀಲನ್ನ ತಿರುಗಿಸಿ ತಿರುಗಿಸಿ ನೋಡುವಾಗ ಆ ತಾಯಿ ಅಲ್ಲಿಂದಲೇ ಕೇಳಿದ್ರು: "ಅದರಾಗ ದಾರ ಹೆಂಗ ಬಿಚ್ಚತೈತಿ?" ನಾನು ತೋರಿಸಿದೆ. ಅವರು ತಮ್ಮ ಕೈಯಲ್ಲಿದ್ದದ್ದನ್ನ ಎತ್ತಿ ಹಿಡಿದು, "ಹಂಗಾರ ಇದು ನಮ್ಮ ಕಂಡಿಕಿನ ಅಲ್ಲೇನ್ರಿ?" ಅಂದ್ರು.

ಒಂದು ಕ್ಷಣ ನಾನು ಮಾತಾಡಲಿಲ್ಲ. ಯಾಕಂದ್ರೆ ಆ ತಾಯಿ ಹೇಳಿದ್ದು ನೂರಕ್ಕೆ ನೂರು ಸತ್ಯ.

ಲಾಳಿಯೊಳಗೆ ಕಂಡಿಕೆ ಇರುತ್ತಲ್ಲ, ಲಾಳಿ ಮಗ್ಗದ ಆ ಕಡೆಯಿಂದ ಈ ಕಡೆ ಓಡುವಾಗ ಕಂಡಿಕೆ ತಿರುಗೋದಿಲ್ಲ. ಅದು ನಿಂತಲ್ಲೇ ನಿಂತಿರುತ್ತೆ. ನೂಲು ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿಕೊಂಡು ಬರುತ್ತೆ. ಗಾಳದ ಹಳೆಯ ರೀಲುಗಳು ಹಾಗಿರಲಿಲ್ಲ. ಬಾವಿಯ ಗಡಗಡಿ ಥರ ಇಡೀ ಗಾಲಿಯೇ ತಿರುಗಬೇಕಿತ್ತು. ದಾರ ಎಸೆದಾಗ ಗಾಲಿ ದಾರಕ್ಕಿಂತ ಜೋರಾಗಿ ತಿರುಗಿದ್ರೆ ಮುಗೀತು, ದಾರವೆಲ್ಲ ಗೋಜಲು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಅನ್ನೋ ಗಿರಣಿ ಊರಿನಲ್ಲಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಅನ್ನೋ ಬಟ್ಟೆ ಉದ್ಯಮಿ ಇದ್ದ. ಗಿರಣಿಯಲ್ಲಿ ನಿಂತ ಬಾಬಿನ್ನಿನ ತುದಿಯಿಂದ ನೂಲು ಸಲೀಸಾಗಿ ಬಿಚ್ಚಿಕೊಳ್ಳೋ ರೀತಿಯೇ ಅವನ ರೀಲಿನ ಮೂಲ. 1905ರಲ್ಲಿ ಅವನು ಅದಕ್ಕೆ ಪೇಟೆಂಟ್ ತಗೊಂಡ. ಇವತ್ತು ಜಗತ್ತಿನ ತುಂಬಾ 'ಸ್ಪಿನ್ನಿಂಗ್ ರೀಲ್' ಅಂತ ಮಾರಾಟ ಆಗೋದು ಅದರದೇ ವಂಶ. ಅಂದ್ರೆ ಮೀನಿನ ಸಾಮಾನು ಅಂತ ನಾವು ಅಂದುಕೊಂಡಿದ್ದು ಹುಟ್ಟಿದ್ದು ನೇಕಾರಿಕೆಯ ಮನೆಯಲ್ಲಿ. ಗಜೇಂದ್ರಗಡದ ತಾಯಿಗೆ ಅದು ಒಂದೇ ನೋಟಕ್ಕೆ ಗೊತ್ತಾಯ್ತು. ಬೆಂಗಳೂರಿನ ಅಂಗಡಿಗೆ ಗೊತ್ತಾಗಲಿಲ್ಲ.

ಇನ್ನು ಕಾಕಾನ ರೀಲ್. ಅದು ಮಿಚೆಲ್ ಕಂಪನಿಯದ್ದು. ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸೆರಗಲ್ಲಿ ಕ್ಲೂಸ್ ಅನ್ನೋ ಊರಿದೆ. ಅದು ಗಡಿಯಾರ ಮಾಡೋರ ಊರು. 1848ರಲ್ಲೇ ಅಲ್ಲಿ ಗಡಿಯಾರ ವಿದ್ಯೆಯ ಶಾಲೆ ಶುರುವಾಗಿತ್ತು. ಅಲ್ಲಿನ ಕಾರ್ಪಾನೋ ಮತ್ತು ಪೋನ್ಸ್ ಅನ್ನೋ ಕಾರ್ಖಾನೆ ಎರಡನೇ ಮಹಾಯುದ್ಧದ ನಂತರ ಈ ರೀಲುಗಳನ್ನ ಮಾಡಿ ಜಗತ್ತಿಗೆಲ್ಲ ಕಳಿಸ್ತು. ಗಡಿಯಾರದವರ ಕೈ ಅಂತ ಯಾಕೆ ಹೇಳ್ತೀನಿ ಅಂದ್ರೆ, ಬದಿಯ ಮುಚ್ಚಳ ತೆಗೆದಾಗ ಒಳಗೆ ಕಾಣೋದು ಗಡಿಯಾರದಂಥದ್ದೇ ಹಲ್ಲುಗಾಲಿಗಳು. ಎಲ್ಲಾ ಕಾಣುತ್ತೆ. ಎಲ್ಲಾ ಬಿಚ್ಚಬಹುದು.

ಕೆಲಸ ಮಾಡೋದು ಹೇಗೆ? ಸುಲಭ ಇದೆ. ಹಿಡಿಕೆ ತಿರುಗಿಸಿದ್ರೆ ದೊಡ್ಡ ಹಲ್ಲುಗಾಲಿ ತಿರುಗುತ್ತೆ. ಅದು ಸಣ್ಣ ಹಲ್ಲುಗಾಲಿಯನ್ನ ತಿರುಗಿಸುತ್ತೆ. ಸಣ್ಣದಕ್ಕೆ ಸೇರಿಕೊಂಡ ಬಟ್ಟಲಿನಂಥ ರೋಟರ್, ಹಿಡಿಕೆಯ ಒಂದು ಸುತ್ತಿಗೆ ಮೂರು, ನಾಲ್ಕು ಸುತ್ತು ಹೊಡೆಯುತ್ತೆ. ರೋಟರ್‌ಗೆ ಒಂದು ತಂತಿಯ ಕಮಾನು ಇದೆ, ಅದಕ್ಕೆ ಬೇಲ್ ಅಂತಾರೆ. ಅದು ದಾರವನ್ನ ಹಿಡಿದು, ನಿಂತಿರೋ ಸ್ಪೂಲ್ ಸುತ್ತಾ ಸುತ್ತುತ್ತೆ. ಸ್ಪೂಲ್ ತಿರುಗೋದಿಲ್ಲ, ಮೇಲೆ ಕೆಳಗೆ ಆಡುತ್ತೆ ಅಷ್ಟೇ, ದಾರ ಒಂದೇ ಕಡೆ ಗುಡ್ಡೆಯಾಗದ ಹಾಗೆ. ಎಸೆಯುವಾಗ ಬೇಲ್ ತೆರೆದ್ರೆ ದಾರ ಕಂಡಿಕೆಯ ಹಾಗೆ ತುದಿಯಿಂದ ಜಾರಿ ಹೋಗುತ್ತೆ. ಹಿಂದಕ್ಕೆ ತಿರುಗದ ಹಾಗೆ ತಡೆಯೋ ಒಂದು ಸಣ್ಣ ನಾಲಿಗೆ ಇದೆ. ಟಿಕ್ ಟಿಕ್ ಅನ್ನೋದು ಅದೇ.

ಮಿಸ್ತ್ರಿ ಮೊದಲು ಏನು ಮಾಡಿದ ಗೊತ್ತಾ? ಏನೂ ಮಾಡಲಿಲ್ಲ. ಸ್ಕ್ರೂಗಳ ಸಂದಿಗೆ ತೆಳ್ಳಗಿನ ಎಣ್ಣೆ ಬಿಟ್ಟು, "ನಾಳೆ ಬರ್ರಿ" ಅಂದ. ತುಕ್ಕು ಹಿಡಿದ ಸ್ಕ್ರೂಗೆ ಜೋರು ಮಾಡಿದ್ರೆ ತಲೆ ಸವೆಯುತ್ತೆ. ತಲೆ ಸವೆದ ಮೇಲೆ ಅದು ಬರೋದಿಲ್ಲ. ಹಳೇ ರೀಲುಗಳನ್ನ ಕೊಲ್ಲೋದು ನೀರಿಗಿಂತ ಹೆಚ್ಚಾಗಿ ಮಾಲೀಕನ ಅವಸರ.

ಮರುದಿನ ಬಿಳೀ ಬಟ್ಟೆ ಹಾಸಿದ. ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ಆರಿಸಿದ. ಒಂದೊಂದು ಭಾಗ ತೆಗೆದ ಹಾಗೆ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟ. ನನಗೆ ಫೋನಲ್ಲಿ ಫೋಟೋ ಹೊಡಿ ಅಂದ. "ಬಿಚ್ಚೂದು ಯಾರರ ಬಿಚ್ಚತಾರ್ರಿ. ಯಾವುದು ಯಾವುದರ ಮ್ಯಾಲೆ ಇತ್ತು ಅಂತ ನೆನಪ ಇಡೂದ ರಿಪೇರಿ" ಅಂದ. ರೋಟರ್ ಹಿಡಿದಿರೋ ನಟ್ಟು ಕೆಲವು ರೀಲುಗಳಲ್ಲಿ ಉಲ್ಟಾ ಥ್ರೆಡ್ ಇರುತ್ತೆ. ಗೊತ್ತಿಲ್ಲದೆ ಬಿಚ್ಚಲಿಕ್ಕೆ ಹೋದವರು ಬಿಗಿ ಮಾಡಿ ಮುರೀತಾರೆ. ಅವನು ಮೊದಲು ಎರಡೂ ಕಡೆಗೆ ಹಗುರವಾಗಿ ಒತ್ತಿ ನೋಡಿದ.

ಒಳಗೆ ಏನಿತ್ತು? ಮಲಪ್ರಭೆಯ ಎರೆಮಣ್ಣು, ಮತ್ತು ಅರಗಿನ ಹಾಗೆ ಗಟ್ಟಿಯಾದ ಹಳೇ ಗ್ರೀಸ್. ಅವೆರಡೂ ಸೇರಿ ಗಾರೆ ಆಗಿತ್ತು. ಲೋಹದ ಭಾಗಗಳನ್ನ ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ತಿಕ್ಕಿದ. ಪ್ಲಾಸ್ಟಿಕ್ ಗುಬ್ಬಿಗಳನ್ನ ಮಾತ್ರ ಸಾಬೂನು ನೀರಲ್ಲಿ ತೊಳೆದ. ಪೆಟ್ರೋಲ್, ಥಿನ್ನರ್ ಹಾಕಿದ್ರೆ ಹಳೇ ಪ್ಲಾಸ್ಟಿಕ್ ಮತ್ತು ಬಣ್ಣ ಎರಡೂ ಹಾಳು. ಇದನ್ನ ನೀವು ಮನೆಯಲ್ಲಿ ಮಾಡೋದಾದ್ರೆ ಕಿಟಕಿ ತೆರೆದು, ಒಲೆಯಿಂದ ದೂರ ಕೂತು ಮಾಡಿ.

ತೊಳೆದ ಮೇಲೆ ಮೂರು ರೋಗ ಕಂಡವು.

ಮೊದಲನೆಯದು ಬೇಲಿನ ಸ್ಪ್ರಿಂಗ್. ತುಕ್ಕು ಹಿಡಿದು ಎರಡು ತುಂಡಾಗಿತ್ತು. ಹೊಸದನ್ನ ಎಲ್ಲಿಂದ ತರೋದು? ಮಿಸ್ತ್ರಿ ಹುಬ್ಬಳ್ಳಿಯಿಂದ ಸ್ಪ್ರಿಂಗ್ ತಂತಿ ತರಿಸಿದ. ಹಳೇ ತುಂಡುಗಳನ್ನ ಜೋಡಿಸಿ ಇಟ್ಟು ಸುತ್ತು ಎಣಿಸಿದ, ತಂತಿಯ ದಪ್ಪ ಅಳೆದ. ಡ್ರಿಲ್ ಬಿಟ್ಟಿನ ದಂಡಕ್ಕೆ ತಂತಿ ಸುತ್ತಿದ. ಬೇಕಾದ ಅಳತೆಗಿಂತ ಸ್ವಲ್ಪ ಸಣ್ಣ ದಂಡ, ಯಾಕಂದ್ರೆ ಕೈಬಿಟ್ಟ ಕೂಡಲೇ ಸ್ಪ್ರಿಂಗ್ ಒಂಚೂರು ಅರಳುತ್ತೆ. ಕಾಯಿಸಿ ಬಗ್ಗಿಸಲಿಲ್ಲ. ಕೆಂಪಗೆ ಕಾಯಿಸಿದ್ರೆ ತಂತಿಯ ಸೆಡವು ಹೋಗಿ ಬರೀ ತಂತಿ ಉಳಿಯುತ್ತೆ. ಮೊದಲನೇ ಸ್ಪ್ರಿಂಗ್ ಮೂಲೆಯಲ್ಲಿ ಪಟ್ ಅಂತ ಮುರೀತು, ಬಗ್ಗಿಸಿದ್ದು ತೀರಾ ಚೂಪಾಗಿತ್ತು. ಎರಡನೇದು ಕೂತಿತು. ಬೇಲ್ ಟಪ್ ಅಂತ ಮುಚ್ಚಿಕೊಳ್ತು.

ಎರಡನೆಯದು ಡ್ರ್ಯಾಗ್. ಇದೇ ರೀಲಿನ ಬುದ್ಧಿ ಇರೋ ಜಾಗ. ಮೀನು ದಾರಕ್ಕಿಂತ ಬಲವಾಗಿ ಎಳೆದ್ರೆ ದಾರ ಹರೀಬಾರದು, ಸ್ಪೂಲ್ ಜಾರಿ ದಾರ ಬಿಟ್ಟುಕೊಡಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದ್ರೆ ಸುಮಾರು 54 ಕಿಲೋದ ಮಹಶೀರ್ ಹಿಡಿದ ಸುದ್ದಿಯನ್ನ ಗಾಳದವರು ಇವತ್ತಿಗೂ ಹೇಳ್ತಾರೆ. ಅಂಥ ಮೀನಿನ ಜೊತೆ ಹಗ್ಗಜಗ್ಗಾಟ ಮಾಡಿದ್ರೆ ದಾರವೇ ಸೋಲೋದು. ಬಿಟ್ಟು ಹಿಡಿಯೋದು, ಹಿಡಿದು ಬಿಡೋದು, ಅಷ್ಟೇ ಉಪಾಯ. (ಆ ಕಾವೇರಿ ಸೀಮೆಯ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ತೀರಾ ಅಂಚಿನಲ್ಲಿದೆ, 2018ರಲ್ಲಿ ಅದನ್ನ ಅಧಿಕೃತವಾಗಿ ಆ ಪಟ್ಟಿಗೆ ಸೇರಿಸಿದ್ರು. ರೀಲಿಗೆ ಸ್ಪ್ರಿಂಗ್ ಮಾಡಬಹುದು, ಮೀನಿಗೆ ಮಾಡೋಕಾಗಲ್ಲ.)

ಡ್ರ್ಯಾಗ್ ಅಂದ್ರೆ ಸ್ಪೂಲಿನೊಳಗೆ ಒಂದರ ಮೇಲೊಂದು ಕೂತ ಬಿಲ್ಲೆಗಳು. ಲೋಹದ್ದೊಂದು, ಮೆತ್ತನೆಯದೊಂದು. ಮೆತ್ತನೆಯದು ರೀಲಿಗೆ ತಕ್ಕಂತೆ ಚರ್ಮ, ಫೆಲ್ಟ್, ಫೈಬರ್, ಟೆಫ್ಲಾನ್ ಹೀಗೆ ಏನಾದರೂ ಇರಬಹುದು. ಕಾಕಾನ ರೀಲಿನಲ್ಲಿ ಅವು ನೆಂದು ಒಣಗಿ ಹಪ್ಪಳ ಆಗಿದ್ದವು. ಮಿಸ್ತ್ರಿ ಫೆಲ್ಟ್ ಹಾಳೆಯಿಂದ ಹೊಸ ಬಿಲ್ಲೆ ಕತ್ತರಿಸಿದ. ಕ್ರಮ ತಪ್ಪಿದ್ರೆ ಡ್ರ್ಯಾಗ್ ಒಂದೋ ಹಿಡಿಯೋದೇ ಇಲ್ಲ, ಇಲ್ಲಾ ಬಿಡೋದೇ ಇಲ್ಲ. ಫೋಟೋ ಕೆಲಸಕ್ಕೆ ಬಂದದ್ದು ಇಲ್ಲಿ. ಬಿಗಿ ಎಷ್ಟಿರಬೇಕು? ದಾರ ತಡೆಯೋ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗ. 4 ಕಿಲೋ ತಡೆಯೋ ದಾರ ಆದ್ರೆ, ಕೊಕ್ಕೆಯ ತಕ್ಕಡಿ ಕಟ್ಟಿ ಎಳೆದಾಗ 1 ಕಿಲೋ ಆಸುಪಾಸಿನಲ್ಲಿ ಜಾರಬೇಕು.

ಮೂರನೆಯದು ದೊಡ್ಡ ಹಲ್ಲುಗಾಲಿಯ ಒಂದು ಹಲ್ಲು. ಸವೆದಿತ್ತು. ಮಿಸ್ತ್ರಿ ಬೆಳಕಿಗೆ ಹಿಡಿದು ನೋಡಿ ಹೇಳಿದ: "ಇದಕ್ಕ ನನ್ನ ಕಡೆ ಔಷಧ ಇಲ್ರಿ. ನಡೀತೈತಿ, ಆದರ ಸಪ್ಪಳ ಮಾಡತೈತಿ." ಆಗದ್ದನ್ನ ಆಗಲ್ಲ ಅಂತ ಹೇಳೋ ಮಿಸ್ತ್ರಿಯನ್ನ ನಂಬಬಹುದು.

ಜೋಡಿಸುವಾಗ ಎಣ್ಣೆ, ಗ್ರೀಸ್. ಹಲ್ಲುಗಳಿಗೆ ತೆಳ್ಳಗೆ ಗ್ರೀಸ್. ದಾರ ಹಾಯೋ ಸಣ್ಣ ರೋಲರ್, ಹಿಡಿಕೆಯ ಗುಬ್ಬಿ, ಬೇಲ್ ತಿರುಗೋ ಕೀಲು ಇಷ್ಟಕ್ಕೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಒಣ ಡ್ರ್ಯಾಗಿನ ಬಿಲ್ಲೆಗೆ ಹನಿಯೂ ಬೀಳಬಾರದು. ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ, ಜಾಸ್ತಿ ಗ್ರೀಸ್ ಹಾಕಿದ್ರೆ ಜಾಸ್ತಿ ಬಾಳಿಕೆ ಅಂತ. ಅಲ್ಲ. ಜಾಸ್ತಿ ಗ್ರೀಸ್ ಅಂದ್ರೆ ಜಾಸ್ತಿ ಧೂಳು, ಹತ್ತು ವರ್ಷದ ಮೇಲೆ ಜಾಸ್ತಿ ಗಾರೆ.

ನಿಮ್ಮ ಮನೆಯ ಅಟ್ಟದ ಮೇಲೂ ಅಜ್ಜನದೋ ಮಾವನದೋ ಇಂಥ ರೀಲ್ ಇದ್ದರೆ ನಾಲ್ಕು ಮಾತು ನೆನಪಿಡಿ. ಎತ್ತಿಡುವಾಗ ಡ್ರ್ಯಾಗ್ ಸಡಿಲ ಮಾಡಿ, ಬಿಗಿಯಿಟ್ಟರೆ ಬಿಲ್ಲೆಗಳು ಅಂಟಿಕೊಳ್ತವೆ. ದಾರವನ್ನ ಸ್ಪೂಲಿನ ಅಂಚಿನ ತನಕ ತುಂಬಬೇಡಿ, ಎರಡು ಮೂರು ಮಿಲಿಮೀಟರ್ ಬಿಡಿ. ಮೀನು ಎಳೆದು ಡ್ರ್ಯಾಗ್ ಜಾರುತ್ತಿರುವಾಗ ಹಿಡಿಕೆ ತಿರುಗಿಸಬೇಡಿ, ದಾರ ಒಳಗೆ ಬರೋದಿಲ್ಲ, ಬರೀ ಮುರಿ ಬೀಳುತ್ತೆ. ರೋಲರ್ ತಿರುಗುತ್ತಿದೆಯಾ, ಅದರ ಮೇಲೆ ಗೆರೆ ಬಿದ್ದಿದೆಯಾ ಅಂತ ಉಗುರಲ್ಲಿ ಸವರಿ ನೋಡಿ. ಗೆರೆ ಬಿದ್ದ ರೋಲರ್ ದಾರವನ್ನ ಬ್ಲೇಡಿನ ಹಾಗೆ ಕೊಯ್ಯುತ್ತೆ. ವರ್ಷಕ್ಕೊಮ್ಮೆ ಇಷ್ಟು ಮಾಡಿದ್ರೆ ಅದು ನಿಮ್ಮ ಮೊಮ್ಮಕ್ಕಳ ತನಕ ಬರುತ್ತೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅರವತ್ತು ವರ್ಷದ, ಪ್ರವಾಹದಲ್ಲಿ ಮುಳುಗಿ ಎದ್ದ, ಆರು ಸಾವಿರ ಕಿಲೋಮೀಟರಿಗೂ ದೂರದ ದೇಶದಲ್ಲಿ ತಯಾರಾದ ಯಂತ್ರವನ್ನ, ಜೀವನದಲ್ಲಿ ಒಂದು ಗಾಳದ ರೀಲನ್ನೂ ನೋಡದ ಒಬ್ಬ ಮನುಷ್ಯ ರಿಪೇರಿ ಮಾಡಿದ. ಹೇಗೆ ಸಾಧ್ಯ ಆಯ್ತು? ಅವನು ಜಾಣ, ನಿಜ. ಆದ್ರೆ ಅದನ್ನ ಮಾಡಿದವರು ಬಿಚ್ಚಲಿಕ್ಕೆ ಬರೋ ಹಾಗೆ ಮಾಡಿದ್ರು. ಸ್ಕ್ರೂ ಕಾಣೋ ಹಾಗೆ ಇಟ್ರು. ಅದೇ ಮಿಸ್ತ್ರಿಗೆ ನನ್ನ ಫೋನ್ ಕೊಟ್ಟು ನೋಡಿದೆ. ತಿರುಗಿಸಿ ನೋಡಿ ವಾಪಸ್ ಕೊಟ್ಟ. "ಇದಕ್ಕ ಬಾಗಲಾನ ಇಲ್ಲಲ್ರಿ" ಅಂದ. ಅಂಟು ಹಾಕಿ ಮುಚ್ಚಿದ ಡಬ್ಬಿ. ಒಳಗೆ ಬ್ಯಾಟರಿ ಸತ್ತರೆ ಹೊರಗಿನವನಿಗೆ ದಾರಿಯಿಲ್ಲ.

ಇದು ಬರೀ ಫೋನಿನ ಮಾತಾಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ನರಗುಂದದ ರೈತನ ಟ್ರ್ಯಾಕ್ಟರ್ ಬಗ್ಗೆ ಯೋಚನೆ ಮಾಡಿ. ಬಿತ್ತನೆಗೆ ಹದ ಇರೋದು ನಾಲ್ಕೈದು ದಿನ. ಎರೆಹೊಲಕ್ಕೆ ಮಳೆ ಬಿದ್ದಾಗ ಯಂತ್ರ ನಿಂತರೆ ಊರಿನ ಮಿಸ್ತ್ರಿ ಕೈಹಾಕುವಂತಿರಬೇಕು. ಕಂಪನಿಯವನ ಲ್ಯಾಪ್‌ಟಾಪ್ ಬರೋ ತನಕ ಕಾಯಬೇಕು ಅಂದ್ರೆ ಹದ ಹೋಯ್ತು. ಹದ ಹೋದ್ರೆ ವರ್ಷ ಹೋಯ್ತು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿ ಹಕ್ಕಿ'ನ ಬಗ್ಗೆ ಒಂದು ಸಮಿತಿ ಮಾಡ್ತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆಯ ಸಾಮಾನು, ವಾಹನ ಈ ನಾಲ್ಕು ಕ್ಷೇತ್ರಗಳನ್ನ ಮೊದಲು ಆರಿಸಿಕೊಂಡಿತು. ಅದೇ ವರ್ಷ ಡಿಸೆಂಬರ್ 24ಕ್ಕೆ, ರಾಷ್ಟ್ರೀಯ ಗ್ರಾಹಕರ ದಿನದಂದು, ಇದಕ್ಕಾಗಿ ಒಂದು ಪೋರ್ಟಲ್ ಕೂಡ ಶುರುವಾಯ್ತು. ಒಳ್ಳೇ ಹೆಜ್ಜೆ. ಆದ್ರೆ ಪೋರ್ಟಲ್ ಒಂದು ಮಾಹಿತಿ ಫಲಕ. ಬಿಡಿಭಾಗ ಕೊಡಲೇಬೇಕು, ಯಂತ್ರ ಬಿಚ್ಚೋ ವಿಧಾನ ಹೇಳಲೇಬೇಕು ಅನ್ನೋ ಕಾನೂನು ಬೇರೆ. ಈ ರೀಲ್ ಹುಟ್ಟಿದ ಫ್ರಾನ್ಸನ್ನೇ ನೋಡಿ. 2021ರ ಜನವರಿ 1ರಿಂದ ಅಲ್ಲಿ ಫೋನ್, ಲ್ಯಾಪ್‌ಟಾಪ್, ಟಿವಿ, ಬಟ್ಟೆ ಒಗೆಯೋ ಯಂತ್ರದಂಥ ವಸ್ತುಗಳ ಮೇಲೆ ಬೆಲೆಯ ಜೊತೆ ಇನ್ನೊಂದು ಅಂಕಿ ಹಾಕಬೇಕು ಅನ್ನೋ ನಿಯಮ ಬಂತು. ರಿಪೇರಿಗೆ ಇದು ಎಷ್ಟು ಸುಲಭ ಅಂತ ಹತ್ತಕ್ಕೆ ಎಷ್ಟು ಅಂಕ. ಕೊಳ್ಳೋ ಮುಂಚೆಯೇ ಗಿರಾಕಿಗೆ ಗೊತ್ತಾಗಬೇಕು. ನಮ್ಮ ಅಂಗಡಿಗಳಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳ್ತೀವಿ. ಬ್ಯಾಟರಿ ಬದಲಿಸಲಿಕ್ಕೆ ಬರುತ್ತಾ ಅಂತ ಯಾರಾದ್ರೂ ಕೇಳಿದ್ದೀವಾ?

ರೀಲ್ ತಗೊಂಡು ಹೊಳೆಆಲೂರಿಗೆ ಹೋದೆ. ಕಾಕಾ ಕಟ್ಟೆ ಮೇಲೆ ಕೂತಿದ್ರು. ಮಂಡಿನೋವು, ಹೊಳೆಗೆ ಇಳಿಯೋ ಶಕ್ತಿ ಈಗಿಲ್ಲ. ರೀಲನ್ನ ಕೈಗೆ ತಗೊಂಡು ಹಿಡಿಕೆ ತಿರುಗಿಸಿದ್ರು. ಟಿಕ್ ಟಿಕ್ ಟಿಕ್. ಕಿವಿ ಹತ್ತಿರ ಹಿಡಿದು ಇನ್ನೊಮ್ಮೆ ತಿರುಗಿಸಿದ್ರು.

"ಒಂದ ಹಲ್ಲ ಸವದೈತಿ, ತಮ್ಮಾ" ಅಂದ್ರು.

ಮಿಸ್ತ್ರಿ ಬೆಳಕಿಗೆ ಹಿಡಿದು ಕಂಡಿದ್ದನ್ನ ಅವರು ಕಿವಿಯಲ್ಲಿ ಕಂಡರು. ಆಮೇಲೆ ಮೊಮ್ಮಗನನ್ನ ಕರೆದು ಪಕ್ಕದಲ್ಲಿ ಕೂರಿಸಿಕೊಂಡ್ರು. ಹುಡುಗ ಹಿಡಿಕೆಗೆ ಕೈಹಾಕಲಿಕ್ಕೆ ಹೋದ. ಕಾಕಾ ತಡೆದು, ಮೊದಲು ಡ್ರ್ಯಾಗಿನ ಗುಬ್ಬಿ ಸಡಿಲ ಮಾಡೋದನ್ನ ತೋರಿಸಿದ್ರು.

ಮುಂದಿನ ಸಲ ಏನಾದ್ರೂ ಕೊಳ್ಳುವಾಗ ಅಂಗಡಿಯವನಿಗೆ ಒಂದು ಪ್ರಶ್ನೆ ಕೇಳಿ. ಇದರ ಸ್ಕ್ರೂ ಎಲ್ಲಿದೆ?